ಬೀರುವಿನೊಳಗಿನ ಪ್ರಯೋಗದ ಪೆಟ್ಟಿಗೆ

ಅರವತ್ತರ ದಶಕದ ಆರಂಭದ ಒಂದು ಬೇಸಿಗೆ ರಜೆಯನ್ನು ನಾನು ಮದ್ರಾಸಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಬೆವರು ಒರೆಸಿಕೊಳ್ಳುತ್ತಾ ಕಳೆದೆ. ಇಲ್ಲಿಯ ವಿಶ್ವವಿದ್ಯಾಲಯಕ್ಕೂ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿ, ಹೈಸ್ಕೂಲಿನ ವಿಜ್ಞಾನದ ಅಧ್ಯಾಪಕರಿಗೆ ಆರು ವಾರದ ತರಬೇತಿ ಏರ್ಪಾಡಾಗಿತ್ತು. ನಾನಾಗ ವೆಸ್ಟ್ ಮಾಂಬಲಂನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮನೆಯೂ ಅಲ್ಲೇ, ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ.

ಪಾಠ ಹೇಳಲು ಆ ದೇಶದಿಂದ ಬಂದಿದ್ದ ಪ್ರೊಫೆಸರು ಎತ್ತರದ ಆಳು. ಹತ್ತು ಗಂಟೆಗೆಲ್ಲ ಅವರ ಷರಟು ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಏನು ಕೇಳಿದರೂ ಉತ್ತರ ಹೇಳುತ್ತಿರಲಿಲ್ಲ. ಮಾಡಿ ನೋಡಿ ಅನ್ನುತ್ತಿದ್ದರು. ಒಂದು ದಿನ ಅವರು ಲೋಲಕದ ವಿಷಯ ಎತ್ತಿದರು. ದಾರದ ಉದ್ದ ಒಂದೇ ಆಗಿದ್ದರೆ ತುದಿಯಲ್ಲಿ ಭಾರದ ಗುಂಡಿರಲಿ, ಹಗುರದ್ದಿರಲಿ, ತೂಗಾಡಲು ಹಿಡಿಯುವ ಹೊತ್ತು ಒಂದೇ ಎಂದು ನಾನು ಥಟ್ಟನೆ ಹೇಳಿದೆ. ಮೂರು ವರ್ಷದಿಂದ ಅದನ್ನೇ ಮಕ್ಕಳಿಗೆ ಬರೆಸಿದ್ದೆ. ನೀವು ಎರಡನ್ನೂ ಅಕ್ಕಪಕ್ಕ ತೂಗಿಬಿಟ್ಟು ನೋಡಿದ್ದೀರಾ ಎಂದು ಅವರು ಕೇಳಿದರು. ನೋಡಿರಲಿಲ್ಲ. ಅವತ್ತು ನನಗಾದ ನಾಚಿಕೆ ಇಷ್ಟು ವರ್ಷವಾದರೂ ನೆನಪಿದೆ.

ತರಬೇತಿ ಮುಗಿದಾಗ ಶಾಲೆಗೊಂದರಂತೆ ಮರದ ಪೆಟ್ಟಿಗೆ ಕೊಟ್ಟರು. ಒಳಗೆ ಉಕ್ಕಿನ ಗುಂಡುಗಳು, ಸ್ಪ್ರಿಂಗು, ಮಸೂರಗಳು, ರಬ್ಬರಿನ ಹುರಿಗಳು, ಬ್ಯಾಟರಿ ಸೆಲ್ಲುಗಳು. ಅದನ್ನು ಸೈಕಲ್ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ತಂದೆ. ನಮ್ಮ ಹೆಡ್‌ಮಿಸ್ಟ್ರೆಸ್ ಅದಕ್ಕೆ ಕುಂಕುಮ ಹಚ್ಚಿ, ಕೈಮುಗಿದು, ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಸೊಂಟಕ್ಕೆ ಸೇರಿತು.

ಜೂನ್‌ನಲ್ಲಿ ಕೇಳಿದಾಗ ಇನ್‌ಸ್ಪೆಕ್ಷನ್ ಮುಗಿಯಲಿ ಅಂದರು. ಇನ್‌ಸ್ಪೆಕ್ಟರು ಬಂದರು, ಬೀರುವಿನ ಗಾಜಿನಾಚೆಯಿಂದಲೇ ಪೆಟ್ಟಿಗೆ ನೋಡಿ ತಲೆದೂಗಿ, ಕಾಫಿ ಕುಡಿದು ಹೋದರು. ಮತ್ತೆ ಕೇಳಿದೆ. ಪರೀಕ್ಷೆ ಮುಗಿಯಲಿ ಅಂದರು. ದಸರಾ ರಜೆ ಕಳೆದು ಮೂರನೇ ಸಲ ಹೋಗಿ ನಿಂತಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫಾರಿನ್ ಸಾಮಾನಮ್ಮಾ. ಒಡೆದರೆ ಇಲ್ಲಿ ಸಿಕ್ಕುತ್ತದಾ? ಉತ್ತರ ಹೇಳಬೇಕಾದವಳು ನಾನು."

ಹಿಂದೆ ಬೇರೆ ಶಾಲೆಯಲ್ಲಿದ್ದಾಗ ಒಂದು ಬ್ಯಾರೋಮೀಟರ್ ಒಡೆದು, ಅವರ ಮೇಲೆ ವರ್ಷವಿಡೀ ವಿಚಾರಣೆ ನಡೆದಿತ್ತಂತೆ. ಅದನ್ನು ಆಮೇಲೆ ಬೇರೊಬ್ಬ ಟೀಚರ್ ನನಗೆ ಹೇಳಿದರು. ಕೇಳಿ ಕನಿಕರವಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಈ ಯೋಜನೆ ನೋಡಿಕೊಳ್ಳುವ ಕಚೇರಿಗೆ ಕಾಗದ ಬರೆದೆ. ಪೆಟ್ಟಿಗೆಗೆ ಬೀಗ ಹಾಕಿದ್ದಾರೆ, ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. ಎರಡು ತಿಂಗಳ ಮೇಲೆ ಒಂದು ಫಾರಂ ಬಂತು, ಮೂರು ಪ್ರತಿ. ಸಾಮಾನು ಯಾವ ಸ್ಥಿತಿಯಲ್ಲಿದೆ ಎಂದು ಕೇಳಿತ್ತೇ ಹೊರತು ಯಾರಾದರೂ ಮುಟ್ಟಿದ್ದಾರೆಯೇ ಎಂದು ಕೇಳಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಮುತ್ತಿನಂಥ ಅಕ್ಷರದಲ್ಲಿ 'ಅತ್ಯುತ್ತಮ' ಎಂದು ಬರೆದು ಕಳಿಸಿದರು. ನನಗೆ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ ಅನ್ನಿಸಿತು.

ಕುಂದಾಪುರದ ಕಡೆಯಿಂದ ಬಂದ ನಮ್ಮ ಅಪ್ಪಯ್ಯ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಯವರು. ವಾರಕ್ಕೊಂದು ದಿನದ ರಜೆಯಲ್ಲಿ ಮನೆಯಲ್ಲಿದ್ದವರು, ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು ಹೇಳಿದರು:

"ಬೀಗ ಹಾಕಿದ್ದ್ ಅವ್ರ್ ಪೆಟ್ಟಿಗೆಗೆ ಅಲ್ದಾ? ನಿಂಗೆ ಎಂತೆಂತ ಬೇಕ್ ಹೇಳ್, ಕಾಂಬ."

ಮಾರನೆಯ ದಿನ ಹೋಟೆಲಿನಿಂದ ಒಂದು ಕಬ್ಬಿಣದ ತೂಕದ ಕಲ್ಲು, ಹೆಚ್ಚುಕಡಿಮೆ ಅಷ್ಟೇ ದಪ್ಪದ ನಿಂಬೆಹಣ್ಣು, ಒಂದು ಉಂಡೆ ಹುರಿ ತಂದುಕೊಟ್ಟರು. ಅವನ್ನು ಒಂದೇ ಉದ್ದದ ಹುರಿಯಲ್ಲಿ ಶಾಲೆಯ ಜಗಲಿಯ ತೊಲೆಗೆ ಅಕ್ಕಪಕ್ಕ ಕಟ್ಟಿ, ಯಾವುದು ಬೇಗ ವಾಪಸು ಬರುತ್ತದೆ ಎಂದು ಮಕ್ಕಳನ್ನು ಕೇಳಿದೆ. ಅರ್ಧ ಕ್ಲಾಸು ಕಬ್ಬಿಣ ಅಂದಿತು, ಅರ್ಧ ನಿಂಬೆಹಣ್ಣು ಅಂದಿತು. ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದವರೂ ಹಾಗೇ ಅಂದರು. ಬಿಟ್ಟೆವು. ರೈಲ್ವೆ ಗುಮಾಸ್ತರೊಬ್ಬರ ಮಗಳು ಬಗ್ಗಿ ನೋಡುತ್ತಿದ್ದಳು. ಮನೆಮಾತು ಕನ್ನಡವಾದರೂ ನನ್ನ ಹತ್ತಿರ ತಮಿಳೇ ಆಡುವವಳು.

"ರೆಂಡುಮ್ ಒಣ್ಣಾ ವರುದು, ಟೀಚರ್," ಅಂದಳು. ಎರಡೂ ಒಟ್ಟಿಗೇ ಬರುತ್ತಿವೆ.

ಉಳಿದವರು ನಂಬಲಿಲ್ಲ. ಹುರಿ ಬಿಚ್ಚಿ ಅದಲುಬದಲು ಕಟ್ಟಿದರು. ಟೀಚರ್ ಏನೋ ಮೋಸ ಮಾಡಿದ್ದಾರೆ ಎಂದು ಒಬ್ಬಳು ನಿಂಬೆಹಣ್ಣನ್ನು ಕುಯ್ದೂ ನೋಡಿದಳು. ಉತ್ತರ ಹೇಳದೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಆಗ.

ಮರುವರ್ಷ ಆ ಪ್ರೊಫೆಸರು ಶಾಲೆಗಳನ್ನು ನೋಡಲು ಬಂದರು. ಅವತ್ತು ಬೀರುವಿನ ಬೀಗ ತೆರೆಯಿತು. ಮದ್ರಾಸಿನ ಸೆಕೆಗೆ ರಬ್ಬರೆಲ್ಲ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಸೆಲ್ಲುಗಳು ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು.

"ಒಂದೂ ಒಡೆದಿಲ್ಲ ಸಾರ್," ಎಂದು ಹೆಡ್‌ಮಿಸ್ಟ್ರೆಸ್ ಹೆಮ್ಮೆಯಿಂದ ಹೇಳಿದರು.

ಪ್ರೊಫೆಸರು ನನ್ನ ಕಡೆ ನೋಡಿದರು. ಬೀಗದ ಕತೆಯನ್ನೆಲ್ಲ ಹೇಳಿಬಿಡಬೇಕು ಅನ್ನಿಸಿತು. ಆದರೆ ಕೆಲಸ ನನಗೆ ಬೇಕಿತ್ತು. ನೆಲ ನೋಡುತ್ತಾ ನಿಂತೆ. ಜಗಲಿಗೆ ಕರೆದುಕೊಂಡು ಹೋಗಿ ನಿಂಬೆಹಣ್ಣಿನ ಪ್ರಯೋಗ ತೋರಿಸೋಣವೆಂದರೆ, ಜೊತೆಗಿದ್ದ ಅಧಿಕಾರಿ ಇನ್ನೂ ಮೂರು ಶಾಲೆ ಇದೆಯೆಂದು ಅವರನ್ನು ಕಾರಿಗೆ ಹತ್ತಿಸಿಬಿಟ್ಟರು.

ಕೆಲವು ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು. ಫಾರಂಗಳ ಪ್ರಕಾರ ಸಾಮಾನನ್ನು ಜೋಪಾನವಾಗಿ ಕಾಪಾಡಿದ ಶಾಲೆಗಳಲ್ಲಿ ನಮ್ಮದೂ ಒಂದಂತೆ. ಅದನ್ನು ಮೆಚ್ಚಿ ಇನ್ನೂ ದೊಡ್ಡ ಪೆಟ್ಟಿಗೆಯೊಂದನ್ನು ಕೊಡುತ್ತಾರಂತೆ. ನಗಬೇಕೋ ಅಳಬೇಕೋ ತಿಳಿಯದೆ ಸ್ಟಾಫ್ ರೂಮಿನಲ್ಲಿ ಕೂತುಬಿಟ್ಟೆ.

ಅದನ್ನು ತರಲು ನಾನೇ ಹೋದೆ. ಬಂದವಳು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಗದೆ ನೇರವಾಗಿ ಕ್ಲಾಸಿಗೆ ಹೊರಿಸಿದೆ, ಬಾಗಿಲು ಹಾಕಿ ಬಿಚ್ಚಿರೇ ಅಂದೆ. ನಲವತ್ತು ಹುಡುಗಿಯರು ಹುಲ್ಲು, ಕಾಗದ ಎಲ್ಲ ಕಿತ್ತು ಹಾಕಿದರು. ಗಾಜಿನ ತಳದ ಒಂದು ಅಗಲವಾದ ತಟ್ಟೆ ಸಿಕ್ಕಿತು. ಎರಡು ಬೆಂಚಿನ ನಡುವೆ ಅದನ್ನಿಟ್ಟು ನೀರು ಹೊಯ್ದು ಬೆರಳಿಂದ ತಟ್ಟಿದರೆ, ಕಿಟಕಿಯ ಬಿಸಿಲಲ್ಲಿ ಅಲೆಗಳ ನೆರಳು ಕೆಳಗೆ ನೆಲದ ಮೇಲೆ ಹರಡುತ್ತಿತ್ತು.

ಗದ್ದಲ ಕೇಳಿ ಹೆಡ್‌ಮಿಸ್ಟ್ರೆಸ್ ಬಂದರು.

"ಯಾರನ್ನು ಕೇಳಿ ಬಿಚ್ಚಿದಿರಿ?"

"ಯಾರನ್ನೂ ಕೇಳಲಿಲ್ಲ ಮೇಡಂ. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ."

ಅವರು ನೆಲದ ಮೇಲಿನ ನೆರಳನ್ನು ನೋಡಿದರು. ಒಂದು ಅಲೆ ಅಂಚಿಗೆ ಬಡಿದು ವಾಪಸು ಬರುವವರೆಗೂ ನೋಡಿ, ತಮ್ಮ ಕೋಣೆಗೆ ಹೊರಟುಹೋದರು.

ಎರಡನೇ ವಾರವೇ ತಟ್ಟೆ ಕೈಜಾರಿ ಬಿದ್ದು ಬಿರುಕುಬಿಟ್ಟಿತು. ನಾನೇ ಹೋಗಿ ತಿಳಿಸಿದೆ. ಅವರು ಒಂದು ಮಾತೂ ಬೈಯಲಿಲ್ಲ, ಪೊಂಗಲ್ ಕಳೆಯುವವರೆಗೆ ನನ್ನ ಜೊತೆ ಬೇರೆ ಮಾತೂ ಆಡಲಿಲ್ಲ. ನಾವು ಬಿರುಕಿಗೆ ಅರಗು ಮೆತ್ತಿದೆವು. ಒಂದು ಮೂಲೆಯಲ್ಲಿ ಸ್ವಲ್ಪ ಜಿನುಗುತ್ತಿತ್ತು. ಕೆಳಗೆ ಬಟ್ಟೆ ಹಾಸಿಕೊಂಡು ಆ ವರ್ಷವೆಲ್ಲ ಅದರಲ್ಲೇ ಅಲೆ ನೋಡಿದೆವು.