ಎರಡನೇ ತಂತಿಯ ಹೆಜ್ಜೆ

ಬಂಡಳ್ಳಿಯ ಸೌಮ್ಯ ಕೊಳ್ಳೇಗಾಲದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಕಲಿತವಳು. ಮದುವೆಯಾಗಿ ಬಂದ ಮೇಲೆ ಆನೆ ಕಾಟಕ್ಕೆಂದು ತಾನೇ ಒಂದು ಏರ್ಪಾಡು ಮಾಡಿದ್ದಳು. ಹೊಲದಂಚು, ಕೆರೆದಾರಿ, ಹಿತ್ತಲು, ಮೂರೂ ಕಡೆ ನೆಲದಲ್ಲಿ ಹೂತ ಡಬ್ಬಿ. ಹೆಜ್ಜೆಯ ಅದುರು ತಂತಿಯಲ್ಲಿ ಹರಿದು ನಡುಮನೆಯ ಹಳೇ ಕಂಪ್ಯೂಟರಿಗೆ ಬಂದು ಗೆರೆಯಾಗಿ ಮೂಡುತ್ತಿತ್ತು. ಒಂದೊಂದು ತಂತಿಗೂ ಒಂದು ಫೈಲು ಬೇಕು. ಅದರೊಳಗೆ ಬರಹವೇನೂ ಇರುವುದಿಲ್ಲ. ಇಂಥ ತಂತಿಯನ್ನು ಕೇಳು ಎನ್ನುವ ನಂಬರಷ್ಟೆ. ಹೆಸರು ಏನಿಟ್ಟರೂ ಯಂತ್ರ ನೋಡುವುದು ಆ ನಂಬರನ್ನೇ. ಕರೆಂಟು ಹೋದರೆ ಫೈಲುಗಳೂ ಹೋಗುತ್ತಿದ್ದವು. ಮತ್ತೆ 'ಮೇಕ್‌ನೋಡ್' ಎಂಬ ಆಜ್ಞೆ ಕೊಟ್ಟು ಮಾಡಬೇಕು.

ಅವತ್ತು ತಂತಿಗಳನ್ನು ಹೊಸದಾಗಿ ಸಿಕ್ಕಿಸಿದವರು ಮಾವ ಗುರುಮಲ್ಲಪ್ಪ. ಯಾವ ತಂತಿ ಎಷ್ಟನೆಯದೆಂದು ಅವರು ಹೇಳುತ್ತ ಹೋದಂತೆ ಸೌಮ್ಯ ಫೈಲು ಮಾಡಿದಳು. ಹಿತ್ತಲಿನದು ಮಾತ್ರ 'ಅಂಥ ಸಾಧನ ಇಲ್ಲ' ಎಂದಿತು. ಡಬ್ಬಿ ಕೆಟ್ಟಿರಬೇಕು ಎಂದುಕೊಂಡಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗುರುಮಲ್ಲಪ್ಪ ಕೆರೆದಾರಿಯ ಡಬ್ಬಿಯನ್ನೇ ಕಿತ್ತು ತಂದು ಮೇಜಿನ ಮೇಲಿಟ್ಟರು.

"ಕಾಡಂದಿ ತಂತಿ ಕಡ್ದಾಕದೆ ಕಣವ್ವ."

ಡಬ್ಬಿ ಮೇಜಿನ ಮೇಲೆ ಸುಮ್ಮನೆ ಕೂತಿದೆ. ಪರದೆಯಲ್ಲಿ 'ಕೆರೆದಾರಿ' ಎಂಬ ಹೆಸರಿನ ಕೆಳಗೆ ಹೆಜ್ಜೆ ಬೀಳುತ್ತಿದೆ.

ಹಗುರದ ಹೆಜ್ಜೆ ನಾಲ್ಕಾರು. ನಿಂತಿತು. ಅದರ ಹಿಂದೆ ಭಾರದ್ದೊಂದು. ಅದೂ ನಿಂತಿತು.

ಸೌಮ್ಯ ಫೈಲು ಅಳಿಸಿ ಮತ್ತೆ ಮಾಡಿದಳು. ಹೆಜ್ಜೆ ಮತ್ತೆ ಬಂತು.

"ಕೆರೆ ತಾವ ಸತ್ತೋರು ಓಡಾಡ್ತಾವ್ರೆ. ಆಫ್ ಮಾಡ್ಬುಡವ್ವ" ಎಂದರು ಗುರುಮಲ್ಲಪ್ಪ.

"ಸತ್ತೋರು ಇಷ್ಟು ತೂಕ ಇರ್ತಾರಾ ಮಾವ? ತಂತಿ ಎಂಗ್ ಎಣಿಸುದ್ರಿ?"

"ಇನ್ನೆಂಗೆ? ರಾಗಿ ಅಳ್ದಂಗೆ. ಲಾಭ, ಎರಡು, ಮೂರು."

ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವ ಮನೆ ಅದು. ಯಂತ್ರವೋ ಸೊನ್ನೆಯಿಂದ ಎಣಿಸುತ್ತದೆ. ಲಾಭಕ್ಕೆ ಸೊನ್ನೆಯನ್ನು ಸರಿಯಾಗಿಯೇ ಕೊಟ್ಟ ಸೌಮ್ಯ, ಮಾವನ ಎರಡನ್ನು ಒಂದು ಮಾಡದೆ ಎರಡೆಂದೇ, ಮೂರನ್ನು ಮೂರೆಂದೇ ಒತ್ತಿದ್ದಳು. ಮೂರು ಎಂಬ ತಂತಿ ಯಂತ್ರಕ್ಕೆ ಇಲ್ಲವೇ ಇಲ್ಲ. ಯಂತ್ರಕ್ಕೆ ಎರಡು ಎಂದರೆ ಮೂರನೆಯ ತಂತಿ. ಹಿತ್ತಲು.

"ಅತ್ತೆ ಎಲ್ಲಿ?"

"ಇತ್ಲಲ್ಲಿ. ಸೌದೆ ತರಕ್ಕೋಗವ್ಳೆ."

ಹೇಳುತ್ತಿದ್ದಂತೆ ಗುರುಮಲ್ಲಪ್ಪನ ಕೈ ಆನೆ ಓಡಿಸುವ ಸೈರನ್ನಿನ ಸ್ವಿಚ್ಚಿಗೆ ಹೋಯಿತು. ಸೌಮ್ಯ ಆ ಕೈ ಹಿಡಿದಳು. ಬೆದರಿದ ಆನೆ ಎದುರಿಗಿದ್ದವರ ಮೇಲೆಯೇ ನುಗ್ಗುತ್ತದೆ. ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ, ದಿನದ ದನಿಯಲ್ಲೇ ಕರೆದಳು.

"ಅತ್ತೆ, ಆಲು ಉಕ್ತಾ ಅದೆ, ಬನ್ನಿ."

"ಇಳ್ಸಕೆ ನಿಂಗೆ ಕೈ ಇಲ್ವಾ?"

ಮಬ್ಬಿನಲ್ಲಿ ಅತ್ತೆ ಚನ್ನಾಜಮ್ಮನ ಗೊಣಗಾಟ ಹತ್ತಿರವಾಯಿತು. ಅವರು ಹೊಸ್ತಿಲು ದಾಟಿದ ಕೂಡಲೇ ಸೌಮ್ಯ ಅಗುಳಿ ಹಾಕಿದಳು.

"ಎಲ್ಲವ್ವ ಆಲು?"

ಸೌಮ್ಯ ಅವರನ್ನು ಕೈಹಿಡಿದು ನಡುಮನೆಗೆ ಕರೆತಂದಳು. ಪರದೆಯಲ್ಲಿ ಭಾರದ ಹೆಜ್ಜೆ ಮತ್ತೆ ಶುರುವಾಯಿತು, ನಿಧಾನವಾಗಿ, ಒಂದೊಂದು ಗೆರೆಯೂ ಹಿಂದಿನದಕ್ಕಿಂತ ಎತ್ತರಕ್ಕೆ. ಆಮೇಲೆ ನಿಂತಿತು. ಅಡುಗೆಮನೆಯ ಗೋಡೆಯಾಚೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟರು.