ಬಾಗಿಲ ಬದಿಯ ಸೇವಂತಿಗೆ

ಅತ್ತಿಗೆ, ಬಾಗಿಲ ಬದಿಯ ಸೇವಂತಿಗೆ ಅರಳದೆ ಹೋದದ್ದು ನಿಮ್ಮಿಂದಲ್ಲ. ನನ್ನಿಂದ. ಕತ್ತಲಲ್ಲಿ ಇರಬೇಕಾದ ಗಿಡಗಳ ಮುಂದೆ ನಾನು ದೀಪ ಇಟ್ಟಿದ್ದೆ — ಒಂದು ಸಲವಲ್ಲ, ಮರೆತೂ ಅಲ್ಲ. ಬೇಕೆಂದೇ. ಆಮೇಲೆ ಅವ್ವ ಆ ತಪ್ಪನ್ನು ನಿಮ್ಮ ಮುಟ್ಟಿನ ಮೇಲೆ ಹೊರಿಸಿದಾಗ ಬಾಯಿ ಮುಚ್ಚಿಕೊಂಡು ಕೂತೆ.

ಇಷ್ಟನ್ನು ಬರೆದರೆ ಏನಾದರೂ ಅನ್ನಿಸಬಹುದು ಅಂದುಕೊಂಡಿದ್ದೆ. ಅನ್ನಿಸುತ್ತಿಲ್ಲ. ಜೋಮು ಹಿಡಿದ ಕಾಲನ್ನು ನಮ್ಮದೇ ಹೌದೋ ಅಲ್ಲವೋ ಎಂದು ಮುಟ್ಟಿ ನೋಡುತ್ತೇವಲ್ಲ, ಹಾಗೆ ಈ ಸಾಲುಗಳನ್ನು ತಿರುತಿರುಗಿ ಓದುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಹೇಳುತ್ತೇನೆ. ನಿಮ್ಮ ಮಗಳು ಸಿರಿ ಇದನ್ನು ಓದಿದರೆ ಅವಳಿಗೂ ಅರ್ಥವಾಗಬೇಕು.

ಆಗ ನಾನು ಕಡೂರಿನ ಮನೆಯಿಂದಲೇ ಡಿಗ್ರಿಗೆ ಹೋಗುತ್ತಿದ್ದೆ. ಚರ್ಚಾಸ್ಪರ್ಧೆಗೆಂದು ಊರೂರು ಸುತ್ತುತ್ತಿದ್ದೆ. ಶೋಕೇಸಿನಲ್ಲಿ ಕಪ್‌ಗಳಿಗೆ ಜಾಗ ಸಾಲದೆ ಅವ್ವ ಒಂದನ್ನು ಅಡುಗೆಮನೆಗೆ ಒಯ್ದು ಅದರಲ್ಲಿ ಸೌಟು ನಿಲ್ಲಿಸಿದ್ದಳು. ಪರ ಮಾತಾಡು ಅಂದರೂ ಸೈ, ವಿರೋಧ ಮಾತಾಡು ಅಂದರೂ ಸೈ. ಮನೆಯಲ್ಲಿ ಯಾರು ಏನೇ ಅಂದರೂ 'ಪುರಾವೆ ಏನು?' ಅನ್ನುತ್ತಿದ್ದೆ.

ಅಜ್ಜ ಕೊಬ್ಬರಿ ತುಂಬಿಸುತ್ತಿದ್ದ ಹಿತ್ತಿಲ ಕೋಣೆ ಖಾಲಿ ಬಿದ್ದಿತ್ತು. ಕಿಟಕಿ ಇಲ್ಲದ ಕೋಣೆ. ಅದನ್ನು ನೀವು ಕೇಳಿ ತೆಗೆದುಕೊಂಡಿರಿ. ತರೀಕೆರೆಯಲ್ಲಿ ನಿಮ್ಮ ಜೊತೆ ಬಿ.ಎಸ್ಸಿ. ಓದಿದ್ದ ನಸ್ರೀನ್, ತಂಗಿಯ ಮದುವೆಗೆ ಬಿಳಿ ಸೇವಂತಿಗೆ ಅರಳಿದ ಕುಂಡಗಳು ಬೇಕು ಅಂದಿದ್ದರು — ಅದೂ ನಡುಬೇಸಿಗೆಯಲ್ಲಿ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಿರಬೇಕು, ಬೇಸಿಗೆಯ ರಾತ್ರಿ ಗಿಡ್ಡ. ಹಾಗಾಗಿ ಹಗಲಲ್ಲಿ ಬಲ್ಬು ಉರಿಸಿ, ಸಂಜೆ ಬೇಗ ಆರಿಸಿ, ಬೆಳಗಿನ ತನಕ ಗವ್ವೆನ್ನುವ ಕತ್ತಲೆಯಲ್ಲಿ ಗಿಡಗಳನ್ನು ಇಡುತ್ತಿದ್ದಿರಿ. ಇದು ಸರಿಹೋದರೆ ಹಿತ್ತಿಲಲ್ಲಿ ಶೆಡ್ ಹಾಕಿಸಿಕೊಡುತ್ತೇನೆ ಎಂದು ಅಣ್ಣ ಒಪ್ಪಿದ್ದ. ಅಜ್ಜಂಪುರದ ತವರಿನಿಂದ ಬಂದ ಮೇಲೆ ನೀವು ಈ ಮನೆಯಲ್ಲಿ ನಿಮಗಾಗಿ ಕೇಳಿದ್ದು ಅದೊಂದೇ.

ಕತ್ತಲಾದ ಮೇಲೂ ನೀವು ಗಿಡ ನೋಡಲು ಹೋಗುತ್ತಿದ್ದಿರಿ. ಎಲೆಗೆ ಹೇನು ಹತ್ತಿದೆಯೋ, ಬುಡ ಕೊಳೆತಿದೆಯೋ ನೋಡಬೇಕಲ್ಲ. ಟಾರ್ಚಿನ ಬಾಯಿಗೆ ಹಸಿರು ಬಣ್ಣದ ಕಾಗದ ಮಡಿಕೆ ಮಡಿಕೆಯಾಗಿ ಸುತ್ತಿ, ಒಳಗೆ ಹೋಗಿ ಕದ ಹಾಕಿಕೊಂಡು, ಪರದೆ ಎಳೆದು, ಆಮೇಲೆ ಗುಂಡಿ ಒತ್ತುತ್ತಿದ್ದಿರಿ. ಕಣ್ಣಿಗಿಂತ ಬೆರಳೇ ಹೆಚ್ಚು ನೋಡುತ್ತಿತ್ತು — ಎಲೆಯ ಅಡಿ ಸವರಿ, ಮೂಸಿ, ತಟ್ಟನೆ ಹೊರಗೆ.

"ಇದೇನ್ ಅತ್ತಿಗೆ, ಟಾರ್ಚಿಗೆ ತಾಯತ ಕಟ್ಟಿದೀರಾ?" ಎಂದು ನಾನು ಕೆಣಕಿದ್ದೆ.

"ಹಸಿರು ಬೆಳಕು ಗಿಡಕ್ಕೆ ಅಷ್ಟಾಗಿ ತಟ್ಟಲ್ಲ ಕಣೇ. ಬಿಳಿ ಬಿತ್ತು ಅಂದ್ರೆ ರಾತ್ರಿ ಮುಗೀತು ಅನ್ಕೊಂಡ್ಬಿಡುತ್ತೆ."

"ಗಿಡ ಬಂದು ನಿಮ್ ಕಿವೀಲಿ ಹೇಳ್ತಾ?"

"ನಿನ್ ಥರ ಬಾಯ್ ಮಾಡಲ್ಲ ಅದು. ಹೂ ಬಿಡದೇ ಸುಮ್ನಾಗುತ್ತೆ, ಅಷ್ಟೇ."

ಅರ್ಧ ಗಿಡಗಳಿಗೆ ಬೆಳಕು ಕೊಟ್ಟು, ಅರ್ಧ ಬಿಟ್ಟು ನೋಡೋಣ ಅಂದೆ. ನೀವು ನಗಲಿಲ್ಲ. "ನಸ್ರೀನ್‌ಗೆ ಮಾತ್ ಕೊಟ್ಟಿರೋ ಗಿಡ ಪೂರ್ಣಿ. ಪ್ರಯೋಗ ಮಾಡೋದಾದ್ರೆ ನಿನ್ ಗಿಡ ತಂದು ಮಾಡ್ಕೋ."

ನಾನು ನಿಮ್ಮ ಗಿಡಗಳಲ್ಲೇ ಮಾಡಿದೆ.

ಕೋಣೆಯ ನಡುವಿನ ಅರ್ಧಗೋಡೆ ನಿಮಗೆ ನೆನಪಿರಬಹುದು; ಬಾಗಿಲ ಬದಿ ಒಂದು ಸ್ಟ್ಯಾಂಡು, ಒಳಬದಿ ಒಂದು. ಗೋಡೆಯ ಮೇಲಿನ ಖಾಲಿಗೆ ಯಗಟಿಯಿಂದ ತಂದ ಕರಿ ಕಂಬಳಿ ಕಟ್ಟಿದೆ. ಬಾಗಿಲ ಬದಿಯ ಗಿಡಗಳ ಮುಂದೆ ನನ್ನ ಓದುವ ದೀಪ ಇಟ್ಟೆ. ದಿನಾ ರಾತ್ರಿ, ಅವ್ವ ಧಾರಾವಾಹಿ ಮುಂದೆ ಕೂತಿರುವ, ನೀವು ಸಿರಿಗೆ ಉಣ್ಣಿಸುತ್ತಿರುವ ಹೊತ್ತು. ಆ ಧಾರಾವಾಹಿ ಮುಗಿಯುವ ತನಕ ದೀಪ ಉರಿಯುತ್ತಿತ್ತು. ಆಮೇಲೆ ಕಂಬಳಿ ಮಡಚಿ, ದೀಪ ತೆಗೆದು, ಕದ ಎಳೆದುಕೊಂಡು ಬರುತ್ತಿದ್ದೆ. ನೀವು ಅದಾದ ಮೇಲೆ ಹಸಿರು ಟಾರ್ಚು ಹಿಡಿದು, ಉಸಿರು ಬಿಗಿಹಿಡಿದವರಂತೆ ಒಳಗೆ ಹೋಗುವುದನ್ನು ಪಡಸಾಲೆಯಿಂದ ನೋಡುತ್ತಿದ್ದೆ. ನಗು ಬರುತ್ತಿತ್ತು. ಹೌದು, ನಗು.

ಒಳಬದಿಯವು ಮೊಗ್ಗು ಕಟ್ಟಿದವು. ಬಾಗಿಲ ಬದಿಯವು ಎತ್ತರಕ್ಕೆ ಬೆಳೆದವು, ಎಲೆ ಬಿಟ್ಟವು, ಮತ್ತೂ ಎಲೆ ಬಿಟ್ಟವು. ಪ್ರಯೋಗ ಅಂದರೆ ಹೀಗಿರಬೇಕು — ಇಷ್ಟು ಸ್ಪಷ್ಟವಾದ ಉತ್ತರ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ನಾನು ಸೋತಿದ್ದೆ, ನೀವು ಗೆದ್ದಿದ್ದಿರಿ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಹೇಳಬೇಕು ಅಂತಲೇ ಇದ್ದೆ — ಇಲ್ಲ, ಅದೂ ಸುಳ್ಳು. ನೀವು ಬೈದರೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತಿದ್ದೆ, ಅಷ್ಟೇ. ಅಷ್ಟರಲ್ಲಿ ಅವ್ವ ಬಾಯಿ ತೆರೆದಳು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮುಟ್ಟಿನ ಮೈಲಿಗೆ ನಮ್ಮಲ್ಲಿಲ್ಲ ಎಂದು ಊರಿಗೆಲ್ಲ ಹೇಳುವವಳು ಅವ್ವನೇ. ಆ ದಿನಗಳಲ್ಲೂ ನಮ್ಮನ್ನು ಪೂಜೆಗೆ ಕೂರಿಸುವವಳು. ಆದರೆ ಹೂವಿನ ಗಿಡ, ಹಪ್ಪಳದ ಹಿಟ್ಟು, ಉಪ್ಪಿನಕಾಯಿ ಜಾಡಿ — ಇವಕ್ಕೆ ಅವಳದೇ ಬೇರೆ ಕಾನೂನು.

"ಹೊಟ್ಟೆನೋವು ಅಂತ ಮಲಗಿದ್ದೋಳು ಎದ್ದೋಗಿ ಆ ಬಾಗ್ಲು ಕಡೇವ್ಕೇ ನೀರು ಹಾಕಿದ್ಲು. ನಾನೇ ನೋಡೀನಿ. ಒಳಗಿನ್ವು ಮುಟ್ಲಿಲ್ಲ, ಅವು ಬಂದ್ವು. ಇನ್ನೇನ್ ಬೇಕು ನಿಮ್ಗೆ?"

ಅವ್ವನ ವಾದದಲ್ಲಿ ಬಿರುಕು ಹುಡುಕಲು ನನಗೆ ನಿಮಿಷ ಬೇಕಿರಲಿಲ್ಲ. ಆ ವರ್ಷವೇ ಶಿವಮೊಗ್ಗದಲ್ಲಿ ಇದೇ ವಿಷಯದ ಮೇಲೆ, ಇಂಥದೇ ನಂಬಿಕೆಗಳನ್ನು ಒಂದೊಂದಾಗಿ ಹರಿದುಹಾಕಿ ಬಹುಮಾನ ತಂದಿದ್ದೆ. ಪಡಸಾಲೆಯಲ್ಲಿ ಅವ್ವ, ಅಣ್ಣ, ನೀವು, ನಾನು. ಅಣ್ಣ ನನ್ನ ಕಡೆ ನೋಡಿದ. ಇವಳು ಈಗ ಶುರು ಮಾಡುತ್ತಾಳೆ ಎಂದು ಕಾದ. ನಾನು ಉಗುರು ನೋಡಿಕೊಳ್ಳುತ್ತಿದ್ದೆ.

"ಬೆಳಕು ಸೋರಿರ್ಬೇಕು ಅತ್ತೆ," ಎಂದು ನೀವು ಅವ್ವನಿಗೆ ಹೇಳಿದಿರಿ. ಮಾರನೆಯ ದಿನ ಕೋಣೆಯೊಳಗೆ ನಿಂತು, ಹೊರಗಿನಿಂದ ಕದ ಒತ್ತಿ ಹಿಡಿ ಅಂದಿರಿ. ಹಿಡಿದೆ. ಉರಿಬಿಸಿಲು. ನೀವು ಒಳಗೆ ಕತ್ತಲಲ್ಲಿ ಬಿರುಕು ಹುಡುಕುತ್ತಿದ್ದಿರಿ. ಗೋಡೆ ತಡಕುವ ಸದ್ದು ಕೇಳುತ್ತಿತ್ತು. ಬೆಳಕು ಎಲ್ಲಿಂದ ಬಂತೆಂದು ಬಲ್ಲವಳು ಕದದ ಈಚೆ ನಿಂತಿದ್ದೆ — ಅಂಗೈ ಒತ್ತಿಕೊಂಡು.

ಹೊರಬಂದಾಗ ನಿಮ್ಮ ಕೂದಲಿಗೆ ಜೇಡರ ಬಲೆ ಹತ್ತಿತ್ತು. "ಒಂದು ಸಂದೀನೂ ಇಲ್ಲ ಕಣೇ," ಅಂದಿರಿ. ಆಮೇಲೆ ತಗ್ಗಿದ ದನಿಯಲ್ಲಿ, "ನೀನಾದ್ರೂ ಹೇಳೇ. ಅತ್ತೆ ಅನ್ನೋ ಹಂಗೂ ಆಗುತ್ತಾ?"

ಅತ್ತಿಗೆ, ನಾನು ಕೊಟ್ಟ ಉತ್ತರ ನಿಮಗೆ ನೆನಪಿಲ್ಲದಿರಬಹುದು. ನನಗಿದೆ.

"ಆಗಲ್ಲ ಅಂತ ಸಾಬೀತು ಮಾಡೋಕೂ ಆಗಲ್ಲ ಅಲ್ವಾ."

ಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಜಾರಿಕೊಂಡರೆ ನಾನು ಅವರ ನೀರಿಳಿಸುತ್ತಿದ್ದೆ. ಆ ಮಾತಿನಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಪದವೂ ಇರಲಿಲ್ಲ. ಅದಕ್ಕೇ ಅದನ್ನು ಆರಿಸಿಕೊಂಡೆ. ನೀವು ತಲೆಯಾಡಿಸಿದಿರಿ. ನಿಮ್ಮ ಮುಖದಲ್ಲಿ ಏನೋ ಇಳಿಯಿತು — ಏನೆಂದು ನಾನು ಹೇಳಲಾರೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸುವ ಮುಂಚೆ ಒಸಡಿಗೆ ಮರಗಟ್ಟುವ ಸೂಜಿ ಹಾಕಿಸಿಕೊಂಡಂತೆ, ಅಷ್ಟೇ.

ಅರ್ಧ ಕುಂಡಗಳನ್ನಷ್ಟೇ ಹೊತ್ತುಕೊಂಡು ನೀವು ತರೀಕೆರೆಗೆ ಹೋದಿರಿ. ನಸ್ರೀನ್ ದೂರಲಿಲ್ಲವಂತೆ. ಮದುವೆಯ ಸಿಹಿ ಕಟ್ಟಿ ಕಳಿಸಿದರು. ಶೆಡ್ಡಿನ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ. ನೀವೂ ಕೇಳಲಿಲ್ಲ. ಮೊದಮೊದಲು ಮುಟ್ಟಿನ ದಿನಗಳಲ್ಲಿ ಮಾತ್ರ ಗಿಡಗಳಿಂದ ದೂರ ಇದ್ದಿರಿ. ಆಮೇಲೆ ಬೇರೆ ದಿನವೂ ಕೋಣೆಗೆ ಹೋಗುವುದು ಕಡಿಮೆಯಾಯಿತು. ಸಸ್ಯಶಾಸ್ತ್ರ ಓದಿದವರು ನೀವು. ನಿಮ್ಮ ಓದಿನ ಮೇಲೆ ನಿಮಗಿದ್ದ ನಂಬಿಕೆ ಹೋಯಿತು. ಹೋಗಿದ್ದು ಸುಮ್ಮನೆ ಅಲ್ಲ, ನಿಮ್ಮ ಕಣ್ಣೆದುರಿಗಿದ್ದ ಪುರಾವೆಯಿಂದ. ಆ ಪುರಾವೆ ತಯಾರಿಸಿದ್ದು ನಾನು.

ಹೇಳದೆಯೂ ಇರಬಹುದಿತ್ತು. ಹಳೆಯ ಮಾತು, ಯಾರೂ ನೆನೆಯುವುದಿಲ್ಲ ಎಂದು ವರ್ಷಗಳ ಕಾಲ ನನಗೆ ನಾನೇ ಮಂಡಿಸಿಕೊಂಡೆ. ನನ್ನ ವಾದಕ್ಕೆ ನಾನೇ ತಲೆದೂಗಿದೆ. ಹೋದ ತಿಂಗಳು ಕಡೂರಿಗೆ ಬಂದಿದ್ದೆನಲ್ಲ. ಸಿರಿ ಈಚೆಗೆ ದೊಡ್ಡವಳಾಗಿದ್ದಾಳೆ. ನಲ್ಲಿಯ ಹತ್ತಿರದ ಮಲ್ಲಿಗೆ ಬಳ್ಳಿಗೆ ಕೈ ಚಾಚಿದಳು. ಒಳಗಿನಿಂದ ಕೂಗಿದ್ದು ಅವ್ವನಲ್ಲ, ನೀವು.

"ಲೇ, ಇವತ್ತು ಮುಟ್ಬೇಡ ಕಣೇ, ಮೊಗ್ಗು ನಿಂತೋಗುತ್ತೆ."

"ಅದೆಲ್ಲ ಸುಳ್ಳಂತೆ, ನಮ್ಮ ಮಿಸ್ ಹೇಳಿದ್ರು."

"ನಿಮ್ ಮಿಸ್‌ಗೇನ್ ಗೊತ್ತು. ನಾನು ಕಣ್ಣಾರೆ ಕಂಡಿದೀನಿ."

ಸಿರಿ ನನ್ನ ಕಡೆ ತಿರುಗಿದಳು. "ಅತ್ತೆ, ನೀವ್ ಹೇಳಿ. ನಿಜಾನಾ?"

ಮಿಸ್ ಹೇಳಿದ್ದೇ ಸರಿ ಎನ್ನಲು ಒಂದು ಉಸಿರು ಸಾಕಿತ್ತು. ನಾನು "ಬಸ್ಸಿಗೆ ಹೊತ್ತಾಯ್ತು" ಎಂದು ಬ್ಯಾಗು ಎತ್ತಿಕೊಂಡೆ. ಹುಡುಗಿ ಬಳ್ಳಿಯಿಂದ ಕೈ ಹಿಂದಕ್ಕೆ ತೆಗೆದುಕೊಂಡದ್ದನ್ನು ಗೇಟಿನಿಂದ ನೋಡಿದೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಮಾತು ನಿಮ್ಮ ಪಾಲಿಗೆ ಬರುತ್ತದೆ, ಆ ಹೊರೆಯೂ ನಿಮ್ಮದಾಗುತ್ತದೆ. ವಯಸ್ಸು ಚಿಕ್ಕದಿತ್ತು ಎಂದೂ ಬರೆಯುವುದಿಲ್ಲ. ದೀಪ ಇಟ್ಟದ್ದಕ್ಕೆ ಬೇಕಿದ್ದರೆ ವಯಸ್ಸನ್ನು ದೂರಬಹುದು. ಕದ ಒತ್ತಿ ಹಿಡಿದದ್ದಕ್ಕೆ — ಅದಕ್ಕೆ ಯಾವ ನೆಪವೂ ಸಿಗುವುದಿಲ್ಲ.

ಇದನ್ನು ನಿಮಗೆ ಕಳಿಸಿ ಸುಮ್ಮನಾಗುವವಳೂ ಅಲ್ಲ. ಈ ಭಾನುವಾರ ಬರುತ್ತಿದ್ದೇನೆ. ಅವ್ವ, ಅಣ್ಣ, ಸಿರಿ ಎಲ್ಲರೂ ಇರುವಾಗ, ಅದೇ ಪಡಸಾಲೆಯಲ್ಲಿ, ಬಾಯಿಬಿಟ್ಟು ಹೇಳುತ್ತೇನೆ. ನೀವು ಏನು ಕೇಳುತ್ತೀರೋ ನನಗೆ ಗೊತ್ತಿಲ್ಲ. ಯಾವುದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿಲ್ಲ.