ಲಾಲ್ ಸಾಬರು ಹಿಡಿದಿಟ್ಟ ಜಾಗ

ನಾನು ವಿಮೆ ಏಜೆಂಟ್. ಕಂತು ವಸೂಲಿಗೆ ನಾನು ಸೈಕಲ್ ಏರಿ ಹೊರಟರೆ ಸಾಕು, ಯಲಹಂಕದ ಗಂಡಸರೆಲ್ಲ ಇದ್ದಕ್ಕಿದ್ದಂತೆ ಊರಲ್ಲಿರುವುದಿಲ್ಲ. ‘ಅವ್ರು ಹೆಬ್ಬಾಳಕ್ಕೆ ಹೋಗವ್ರೆ’ ಎಂದು ಹೆಂಗಸರು ಹೇಳುತ್ತಿರುವಾಗಲೇ ಒಳಗಿನಿಂದ ಗಂಡಸಿನ ಕೆಮ್ಮು ಕೇಳಿಸುತ್ತದೆ. ಇಂಥ ನನಗೆ, ೧೯೫೯ರಲ್ಲಿ, ಕಲಾಯಿ ಲಾಲ್ ಸಾಬರು ಹಜ್‌ಗೆ ಹೊರಟ ಸುದ್ದಿ ಸಿಕ್ಕಿತು. ಅರವತ್ತು ದಾಟಿದ ಮುದುಕ, ಬೊಂಬಾಯಿಯಿಂದ ಹಡಗು, ಸುತ್ತ ಸಮುದ್ರ. ಏಜೆಂಟನಾದವನಿಗೆ ಇನ್ನೇನು ಬೇಕು?

ಸಾಬರಿಗೆ ಮಕ್ಕಳಿರಲಿಲ್ಲ. ಹೆಂಡತಿ ಅಕ್ಬರಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಹಜ್ ಆಕೆಯ ಆಸೆ. ಅದಕ್ಕೆಂದು ಇಬ್ಬರೂ ಸೇರಿ ಕೂಡಿಟ್ಟಿದ್ದರು, ಈಗ ಒಬ್ಬರೇ ಹೊರಟಿದ್ದರು.

ಆಕೆಯ ಗೋರಿ ಖಬರಸ್ತಾನದ ಮೂಲೆಯಲ್ಲಿದೆ. ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ಒಬ್ಬರು ಮಲಗುವಷ್ಟು ಜಾಗ. ಅಲ್ಲಿ ಯಾರಿಗೂ ಮುಂಚೆಯೇ ಜಾಗ ಬಿಡುವ ಪದ್ಧತಿ ಇಲ್ಲ. ಸಾಬರು ಮಾತ್ರ ಆ ಜಾಗದಲ್ಲಿ ಒಂದು ಗೋರಂಟಿ ಗಿಡ ನೆಟ್ಟಿದ್ದರು, ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಊರಿಗೆ ಅರ್ಥವಾಗಿತ್ತು. ಆ ಗಿಡವನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾನು ಹೋದಾಗ ಸಾಬರು ತಿದಿ ಒತ್ತುತ್ತ ಒಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಒಂದೇ ಸಲ ದುಡ್ಡು ಕಟ್ಟುವ, ವಯಸ್ಸು ಕೇಳದ ಹಡಗಿನ ವಿಮೆಯ ವಿಷಯ ವಿವರಿಸಿದೆ.

‘ಹಡಗಲ್ಲಿ ನಂಗೇನಾದ್ರೂ ಆದ್ರೆ ನಿಮ್ ಕಂಪ್ನಿಯೋರು ನನ್ನ ಇಲ್ಲಿಗೆ ತರ್ತಾರಾ, ಗಂಗಣ್ಣ?’

‘ತರಲ್ಲ ಸಾಬ್ರೇ. ದುಡ್ಡು ಕೊಡ್ತಾರೆ.’

‘ಯಾರ್ಗೆ?’

‘ನೀವು ಯಾರ ಹೆಸ್ರು ಬರೆಸ್ತೀರೋ ಅವ್ರಿಗೆ.’

ತಿದಿ ನಿಂತಿತು. ಸಾಬರಿಗೆ ಬರೆಸಲು ಒಂದು ಹೆಸರೂ ಸಿಗಲಿಲ್ಲ. ‘ಹಡಗಲ್ಲಿ ಸತ್ತೋರ್ನ ನೀರಿಗೇ ಬಿಡ್ತಾರಂತೆ’ ಎಂದರು.

ಆ ದಾರಿಯಲ್ಲಿ ಸತ್ತರೆ ಪುಣ್ಯವೆಂದು ಮಸೀದಿಯ ಹಿರಿಯರು ಸಮಾಧಾನ ಹೇಳಿದರಂತೆ. ‘ಪುಣ್ಯ ಸರಿ. ಆದ್ರೆ ಅಲ್ಲಿ ಅಕ್ಬರಿ ಇರಲ್ವಲ್ಲ’ ಎಂದು ನನ್ನ ಮುಂದೆ ಹೇಳಿಕೊಂಡರು. ಒಂದು ದಿನ ವಿಮೆ ಇರಲಿ ಎನ್ನುವರು, ಮರುದಿನ ಪ್ರಯಾಣವೇ ಬೇಡ ಎನ್ನುವರು. ನನಗೆ ರೇಗಿಹೋಯಿತು, ಆದರೂ ಬೆನ್ನು ಬಿಡಲಿಲ್ಲ.

ಹಜ್‌ಗೆ ಹೋಗುವವರು ಮನೆಮನೆಗೆ ಹೋಗಿ, ಆಡಿದ್ದು ಮಾಡಿದ್ದು ಮನ್ನಿಸಿ ಎಂದು ಕೇಳಿಕೊಳ್ಳಬೇಕು. ಹೊರಡುವ ಮುನ್ನಾದಿನ ಸಾಬರು ಹಾಗೆ ಕೇಳುತ್ತ ಹೋದರು, ಅವರ ಹಿಂದೆ ನಾನು. ಕೊನೆಯ ಮನೆ ನಜ್ಮುನ್ನೀಸಾಳದು. ಬಾವಿಯ ಹಗ್ಗದ ಜಗಳದಿಂದ ಅವಳಿಗೂ ಅಕ್ಬರಿಗೂ ಸಾಯುವತನಕ ಮಾತಿರಲಿಲ್ಲ. ಸಾಬರು ಅಕ್ಬರಿಯ ಪರವಾಗಿಯೂ ಕ್ಷಮೆ ಕೇಳಿದರು.

ಮಂಚದ ಮೇಲಿದ್ದ ಮುದುಕಿ, ನಾನಿದ್ದೇನೆಂದೋ ಏನೋ, ಕನ್ನಡದಲ್ಲೇ ಹೇಳಿದಳು. ‘ನಿಮ್ಮನ್ನ ಮಾಫ್ ಮಾಡ್ದೆ ಭಾಯಿ. ಅವ್ಳನ್ನ ನಾನೇ ಮಾಫಿ ಕೇಳ್ಬೇಕಿತ್ತು. ನೀವು ವಾಪಸ್ ಬರ್ದಿದ್ರೆ ಆ ಜಾಗ ನಂಗ್ ಕೊಡಿ. ಪಕ್ಕದಲ್ಲಿ ಮಲ್ಗಿ ಕೇಳ್ಕೋತೀನಿ.’

ಕ್ಷಮೆ ಬೇಡಲು ಬಂದವರು ಇಲ್ಲವೆನ್ನುವುದು ಹೇಗೆ? ‘ಬರ್ದಿದ್ರೆ ಆ ಜಾಗ ನಿಂದೇ ಕಣಮ್ಮ’ ಎಂದರು ಸಾಬರು. ಅವಳ ಮಗ ಮಂಜೂರ್ ಅಲ್ಲೇ ಇದ್ದ. ಹೊರಗೆ ಬಂದ ಮೇಲೆ ಸಾಬರು, ‘ವಿಮೆ ಬೇಡ ಗಂಗಣ್ಣ. ನಂದು ಅಂತ ಇದ್ದಿದ್ದು ಅದೊಂದೇ, ಅದಕ್ಕೂ ಜನ ಸಿಕ್ಕಿದ್ರು’ ಎಂದರು. ವಿಮೆಗೆ ನಾಮಿನಿ ಸಿಗದ ಆಸಾಮಿ ಗೋರಿಗೆ ನಾಮಿನಿ ಮಾಡಿದ್ದು ನೋಡಿ ನಾನು ನಕ್ಕೆ.

ಮಳೆಗಾಲದಲ್ಲಿ ಬೇರೆ ಯಾತ್ರಿಕರೆಲ್ಲ ಮರಳಿದರು. ಸಾಬರು ಹಡಗು ಹತ್ತುವ ಜಿದ್ದಾದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದರಂತೆ, ಹಡಗು ಹೊರಟುಬಿಟ್ಟಿತಂತೆ. ಆಮೇಲೆ ಸುದ್ದಿಯೇ ಇಲ್ಲ. ಊರು ಮೆಲ್ಲಗೆ ‘ಸಾಬ್ರು ಇದ್ದಾಗ’ ಎಂದು ಮಾತಾಡತೊಡಗಿತು. ಅಷ್ಟರಲ್ಲಿ ನಜ್ಮುನ್ನೀಸಾ ತೀರಿಕೊಂಡಳು. ಇನ್ನೂ ಸ್ವಲ್ಪ ಕಾಯಬಹುದಿತ್ತು ಎಂದರು ಕೆಲವರು. ಹೆಣ ಕಾಯುತ್ತದೆಯೇ? ‘ಸಾಬ್ರು ಮಾತು ಕೊಟ್ಟಿದ್ದು ನೀವೂ ಕೇಳಿದ್ರಲ್ಲ?’ ಎಂದ ಮಂಜೂರ್. ‘ಕೇಳಿದ್ದೆ’ ಎಂದೆ. ಗೋರಂಟಿ ಗಿಡ ಕಿತ್ತು ಅಲ್ಲೇ ಮಣ್ಣು ಮಾಡಿದರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಲಾಲ್ ಸಾಬರು ಯಲಹಂಕ ಸ್ಟೇಷನ್ನಿನಲ್ಲಿ ಇಳಿದರು. ಮೈ ಅರ್ಧ ಸೊರಗಿಹೋಗಿತ್ತು. ಕೈಯಲ್ಲಿ ಮೆಕ್ಕಾದ ಜಮ್‌ಜಮ್ ಬಾವಿಯ ನೀರಿನ ಡಬ್ಬ. ಮನೆಗೂ ಹೋಗದೆ ನೇರ ಖಬರಸ್ತಾನದ ಕಡೆ ನಡೆದರು. ದಾರಿಯಲ್ಲಿ ಸಿಕ್ಕ ನಾನು ಎಲ್ಲವನ್ನೂ ಹೇಳಿದೆ. ಅವರು ನಡಿಗೆ ನಿಲ್ಲಿಸದೆ ಖಬರಸ್ತಾನದೊಳಗೆ ಹೋದರು, ಹಿಂದೆ ನಾನು. ನೀರನ್ನು ಎರಡೂ ಗೋರಿಗಳ ಮೇಲೆ ಸಮನಾಗಿ ಚಿಮುಕಿಸಿದರು.

‘ಬರ್ದಿದ್ರೆ ಅಂದಿದ್ದೆ. ಎಷ್ಟು ದಿನದೊಳ್ಗೆ ಅಂತ ಹೇಳಿರ್ಲಿಲ್ಲ’ ಎಂದರು. ‘ತಪ್ಪು ಯಾರ್ದೂ ಅಲ್ಲ. ಇಬ್ರೂ ಈಗ ಮಾತಾಡ್ಕೊಂಡಿರ್ತಾರೆ.’

ಸೈಕಲ್ ತಳ್ಳಿಕೊಂಡು ಅವರ ಜೊತೆ ಮನೆಯತನಕ ಹೋದೆ. ಬೀಗ ತುಕ್ಕು ಹಿಡಿದಿತ್ತು, ತೆಗೆಯಲು ಇಬ್ಬರೂ ಹೆಣಗಿದೆವು. ಒಳಗೆ ಕಾಲಿಡುವ ಮೊದಲು ಅವರು ತಿರುಗಿ, ‘ಈಗ ವಿಮೆ ಮಾಡ್ಸಬಹುದಾ, ಗಂಗಣ್ಣ?’ ಎಂದರು.

‘ಮತ್ತೆ ಎಲ್ಲಿಗ್ ಹೊರಟ್ರಿ?’

‘ಎಲ್ಲಿಗೂ ಇಲ್ಲ. ಕಂತು ಕೇಳೋಕೆ ನೀವು ತಿಂಗ್ಳಿಗೊಂದ್ಸಲ ಮನೆಗ್ ಬರ್ತೀರಲ್ಲ, ಅದಕ್ಕೆ.’

ಕಂತಿನ ವಿಮೆಗೆ ಈ ವಯಸ್ಸಿನವರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ತಿಂಗಳು ಬರ್ತೀನಿ ಎಂದೆ.